ತಮ್ಮನ ಮಗು ಎನ್‌ಐಸಿಯುನಲ್ಲಿದೆ, ದೂರದಲ್ಲಿರುವ ನಾನು ಏನು ಮಾಡಲಿ?

ತಮ್ಮನ ಹೆಂಡತಿಗೆ ಬಿಪಿ ಏರಿ 30 ವಾರಕ್ಕೇ ಸಿಸೇರಿಯನ್ ಆಯಿತು, ಮಗು ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದೆ, ಊರಲ್ಲಿಲ್ಲದ ಅಕ್ಕ ನಾನು ಏನು ಮಾಡಬಹುದು ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ನನ್ನ ಮಗಳು 31 ವಾರಕ್ಕೆ ಹುಟ್ಟಿದವಳು, 1,280 ಗ್ರಾಂ. 38 ದಿನ ಆಸ್ಪತ್ರೆಯ ವರಾಂಡದಲ್ಲಿ ಕೂತ ಅಪ್ಪ, ಅಷ್ಟೇ.

ಮೊದಲು ಆ ಫೋನುಗಳನ್ನು ತಪ್ಪಿಸಿ. ನಮಗೆ ದಿನಾ ಹತ್ತಿಪ್ಪತ್ತು ಜನ "ಇವತ್ತು ಎಷ್ಟು ಗ್ರಾಂ?" ಅಂತ ಕೇಳುತ್ತಿದ್ದರು. ಇಂಥ ಮಕ್ಕಳ ತೂಕ ಮೊದಲ ವಾರ ಇಳಿಯುವುದು ಸಹಜವಂತೆ, ಆಗ ನಮಗೂ ಗೊತ್ತಿರಲಿಲ್ಲ. 1,170 ಅಂದ ಕೂಡಲೇ ಆ ಕಡೆಯಿಂದ "ಅಯ್ಯೋ" ಬರುತ್ತಿತ್ತು. ಅದನ್ನು ಕೇಳಿಸಿಕೊಂಡು ಹೆಂಡತಿಯ ಮುಂದೆ ಹೋಗಿ ನಿಲ್ಲಬೇಕು. ಕೊನೆಗೆ ನನ್ನ ಭಾವ ಸುದ್ದಿ ಹೇಳುವ ಕೆಲಸ ತಾವೇ ವಹಿಸಿಕೊಂಡರು. ರಾತ್ರಿ ಎಂಟಕ್ಕೆ ನಾನು ಅವರಿಗೆ ಹೇಳುವುದು, ಅವರು ಮಿಕ್ಕವರಿಗೆ. ಇದಕ್ಕೆ ಊರಲ್ಲೇ ಇರಬೇಕೆಂದಿಲ್ಲ, ನೀವೇ ಮಾಡಿ.

"ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ" ಅನ್ನುವವರು ಬಂದೇ ಬರುತ್ತಾರೆ. ಅದು ಸುಳ್ಳು. ಹೊಟ್ಟೆಯೊಳಗೆ ಬೆಳೆದ ಒಂದೊಂದು ವಾರವೂ ಮಗುವಿಗೆ ಲಾಭ. ಪಕ್ಕದ ಬೆಡ್‌ನ ಬಾಣಂತಿಗೆ ಅವಳ ಅತ್ತೆಯೇ ಈ ಮಾತು ಹೇಳಿದ್ದನ್ನು ಕೇಳಿ ನನಗೆ ಮೈ ಉರಿದುಹೋಯಿತು.

ಎಲ್ಲರೂ ಮಗುವಿನ ಹಿಂದೆ ಬಿದ್ದು ಬಾಣಂತಿಯನ್ನು ಮರೆಯುತ್ತಾರೆ. ಅವಳೂ ಪೇಷೆಂಟೇ ಅಲ್ವಾ? ಹೆರಿಗೆ ಆದ ಮೇಲೂ ಬಿಪಿ ಮತ್ತೆ ಏರಬಹುದು. ಜೋರು ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು ಬಂದರೆ ನಿದ್ದೆಗೆಟ್ಟಿದ್ದಕ್ಕೆ ಅಂತ ಸುಮ್ಮನಿರದೆ ತಕ್ಷಣ ಡಾಕ್ಟರಿಗೆ ಹೇಳಬೇಕು. ಮಾತ್ರೆ ತಗೊಂಡಳಾ ಅಂತ ದಿನಾ ಕೇಳಿ. ತೂಕ ಕೇಳುವ ಬದಲು ಇದನ್ನು ಕೇಳಿ.

ಇನ್ನು ಹಾಲು. ಮಗು ಚೀಪಲಾರದು, ಹಾಗಾಗಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಎದ್ದು, ಹಾಲು ಹಿಂಡಿ ಕೊಡಬೇಕು. ಮೊದಲ ದಿನಗಳಲ್ಲಿ ನಾಲ್ಕು ಹನಿ ಬಂದರೂ ಹೆಚ್ಚು. ಆ ನಾಲ್ಕು ಹನಿಯನ್ನೇ ನರ್ಸ್ ಸಿರಿಂಜಿನಲ್ಲಿ ಜೋಪಾನವಾಗಿ ತಗೊಂಡು ಹೋಗುತ್ತಿದ್ದರು. ಅದನ್ನು ನೋಡಿ "ಇವಳಿಗೆ ಹಾಲೇ ಇಲ್ಲ" ಅನ್ನಬಾರದು. ಪಥ್ಯ ಅಂತ ನೀರು ಕಡಿಮೆ ಕೊಡುವುದೂ ಬೇಡ. ನಮ್ಮತ್ತೆ ಬರೀ ಮೆಣಸಿನ ಸಾರು ಅನ್ನ ಕಳಿಸುತ್ತಿದ್ದರು. ಡಾಕ್ಟರಮ್ಮ ಬೈದ ಮೇಲೆ ಮೊಟ್ಟೆ, ಬೇಳೆ, ಸೊಪ್ಪು ಬಂತು.

ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ. ಡಾಕ್ಟರು ಒಪ್ಪಿದ ದಿನದಿಂದ ಅವನೂ ಕಾಂಗರೂ ಆರೈಕೆ ಕೊಡಬಹುದು. ಶರ್ಟು ಬಿಚ್ಚಿ ಮಗುವನ್ನು ಎದೆಗೆ ಅಂಟಿಸಿಕೊಂಡು ಕೂರುವುದು. ಇನ್‌ಕ್ಯುಬೇಟರ್ ಸಾಲದೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾಗಿದ್ದಂತೆ. ಬಡವರ ಉಪಾಯ ಇರಬೇಕು ಅಂದುಕೊಂಡಿದ್ದೆ. ಮಾನಿಟರ್ ಒಂದೊಂದು ಸಲ ಕೂಗಿದಾಗಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅರ್ಧ ಗಂಟೆಗೆ ಮಗಳು ನಿದ್ದೆ ಹೋದಳು. ನಾನು ಎರಡು ಗಂಟೆ ಅಲ್ಲಾಡಲಿಲ್ಲ.

ದುಡ್ಡಿನ ವಿಷಯ "ಬೇಕಾದರೆ ಹೇಳು" ಅನ್ನಬೇಡಿ, ಯಾರೂ ಹೇಳಲ್ಲ. ಆಗುವಷ್ಟು ಕಳಿಸಿಬಿಡಿ. ಬಿಲ್ಲು ಕೈಮೀರಿದರೆ, ಮಗುವನ್ನು ಸಾಗಿಸಬಹುದೇ ಅಂತ ಡಾಕ್ಟರನ್ನು ಕೇಳಿ ಜಿಲ್ಲಾಸ್ಪತ್ರೆಯ ಎಸ್‌ಎನ್‌ಸಿಯು (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ವಿಚಾರಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆ ಮಕ್ಕಳಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಚಿಕಿತ್ಸೆ, ಔಷಧಿ ಉಚಿತ.

ಕಣ್ಣಿನ ಪರೀಕ್ಷೆ ಒಂದನ್ನು ನೀವು ನೆನಪಿಟ್ಟುಕೊಳ್ಳಿ. ದಿನ ತುಂಬದೆ ಹುಟ್ಟಿದ ಮಕ್ಕಳ ಕಣ್ಣಿನ ಹಿಂಭಾಗದ ರಕ್ತನಾಳಗಳು ತಪ್ಪಾಗಿ ಬೆಳೆದು ದೃಷ್ಟಿ ಹೋಗಬಹುದು. ಆರ್‌ಒಪಿ ಅನ್ನುತ್ತಾರೆ. ಹೊರಗಿನಿಂದ ಏನೂ ಕಾಣಿಸಲ್ಲ. ಹುಟ್ಟಿ 30 ದಿನದೊಳಗೆ ತೋರಿಸಬೇಕು. ನಮಗೆ ಡಿಸ್ಚಾರ್ಜ್ ಆಗಲಿ, ಆಮೇಲೆ ನೋಡೋಣ ಅನ್ನಿಸಿತ್ತು. ಭಾವ 24ನೇ ದಿನ ಫೋನ್ ಮಾಡಿ ನೆನಪಿಸಿದರು. ನೀವೂ ಆ ತಾರೀಖನ್ನು ಫೋನಿನಲ್ಲಿ ಈಗಲೇ ಹಾಕಿಕೊಳ್ಳಿ.