ವಾಕ್ಯ ಬರಲಿಲ್ಲವೆಂದು ಮನೆ ಬಿಡದಾಕೆ

(ಗುರುತು ಸಿಗದಂತೆ ಊರು, ವಯಸ್ಸು, ಕುಟುಂಬದ ವಿವರಗಳನ್ನು ಬದಲಿಸಿದೆ.)

ನಲವತ್ತೇಳು ವರ್ಷದ ಹೆಂಗಸು. ಮಡಿಕೇರಿಯಿಂದ ಉತ್ತರಕ್ಕೆ, ಗುಡ್ಡದ ಮಗ್ಗುಲಲ್ಲಿ ಮನೆ. ಮೂರು ಎಕರೆ ಅರೇಬಿಕಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. 2018ರ ಆಗಸ್ಟ್‌ನಲ್ಲಿ ಆ ಕಡೆಯ ಗುಡ್ಡಗಳು ಜಾರಿದಾಗ ಒಂದು ಎಕರೆ ಗಿಡಮರಗಳ ಸಮೇತ ಹೊಳೆಗೆ ಇಳಿದುಹೋಯಿತು. ಮನೆ ಉಳಿಯಿತು. ಗಂಡ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಒಬ್ಬನೇ ಮಗ ಬೆಂಗಳೂರಿನಲ್ಲಿ. ಪ್ರೊಟೆಸ್ಟೆಂಟ್ ಸಭೆಯ ಕುಟುಂಬ, ಮೂರು ತಲೆಮಾರಿನಿಂದ. ಬೈಬಲ್ಲಿಗೆ ಅವರ ಮಾತಿನಲ್ಲಿ ಸತ್ಯವೇದ, ಅದರ ವಚನಕ್ಕೆ ವಾಕ್ಯ.

ಆಪ್ತಸಲಹೆಗೆ ಕರೆತಂದವರು ಗಂಡ, ಅದೂ ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆ ಹಿಡಿದಿರುವಾಗ. ಅವರ ದೂರು ಇಷ್ಟೇ: "ಕಾಳಜಿ ಕೇಂದ್ರಕ್ಕೆ ಹೋಗಿ ಅಂತ ಪಂಚಾಯ್ತಿಯವರು ಬಂದು ಹೇಳಿದ್ರು. ಇವಳು ಸತ್ಯವೇದ ತೆಗೆದು ಕೂತಳು. ವಾಕ್ಯ ಬರಲಿಲ್ಲ, ನಾನು ಬರೋದಿಲ್ಲ ಅಂದಳು. ಕೊನೆಗೆ ಕೈ ಹಿಡಿದು ಜೀಪಿಗೆ ಹತ್ತಿಸಬೇಕಾಯ್ತು."

ಆಕೆಯ ದೂರು ಬೇರೆ. ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ಬರುವ ವರ್ಷಕ್ಕೆಂದು ಒಂದೊಂದು ವಚನ ಬರೆದ ವಾಗ್ದಾನದ ಚೀಟಿಯನ್ನು ಬುಟ್ಟಿಯಿಂದ ಎತ್ತುವ ಪದ್ಧತಿ ಅವರ ಸಭೆಯಲ್ಲಿದೆ. 2018ಕ್ಕೆ ಆಕೆಗೆ ಬಂದದ್ದು 91ನೆಯ ಕೀರ್ತನೆಯ ಮಾತು: ಕೇಡು ನಿನ್ನ ಬಿಡಾರದ ಹತ್ತಿರ ಸುಳಿಯದು. ಅದೇ ವರ್ಷ ಗುಡ್ಡ ಜಾರಿತು. ಆಕೆ ಹಾಕಿಕೊಂಡ ಲೆಕ್ಕವೆಂದರೆ, ಮನೆ ಉಳಿದದ್ದು ವಾಗ್ದಾನದಿಂದ, ಎಕರೆ ಹೋದದ್ದು ತನ್ನ ನಂಬಿಕೆ ಸಾಲದೆ. ಪ್ರಾರ್ಥನೆಗೆ ಬಂದಿದ್ದ ಯಾರೋ ಒಬ್ಬರು, "ಮನೆಯಲ್ಲಿ ಮುಚ್ಚಿಟ್ಟ ಪಾಪ ಏನಾದ್ರೂ ಇದೆಯಾ, ನೋಡಿಕೊಳ್ಳಿ" ಎಂದಿದ್ದರು. ಆ ಮಾತು ಆಕೆಯೊಳಗೆ ವರ್ಷಗಟ್ಟಲೆ ಕೂತಿತ್ತು.

ಅಲ್ಲಿಂದೀಚೆಗೆ ಪ್ರತಿ ತೀರ್ಮಾನಕ್ಕೂ ಕಣ್ಣು ಮುಚ್ಚಿ ಸತ್ಯವೇದ ತೆರೆಯುವುದು, ಬೆರಳಿಟ್ಟ ವಚನ ಓದುವುದು. ಮಳೆಗಾಲದಲ್ಲಿ ರಾತ್ರಿ ಎರಡು ಗಂಟೆಗೂ. ಸಮಾಧಾನದ ವಚನ ಬಂದರೆ ಹತ್ತು ನಿಮಿಷ ನೆಮ್ಮದಿ, ಆಮೇಲೆ "ಅದು ನಿಜವಾಗಿ ನನಗೇನಾ?" ಎಂಬ ಸಂಶಯ, ಮತ್ತೆ ತೆರೆಯುವುದು. ಶಿಕ್ಷೆಯ ವಚನ ಬಂದರೆ ಬೆಳಗಿನವರೆಗೂ ನಿದ್ದೆಯಿಲ್ಲ.

ಇಲ್ಲಿ ಎರಡು ಗಂಟುಗಳಿವೆ, ಎರಡನ್ನೂ ಒಂದೇ ಎಂದುಕೊಂಡರೆ ಕೆಲಸ ಕೆಡುತ್ತದೆ. ಒಂದು ಆತಂಕದ ಕಾಯಿಲೆ, ಇನ್ನೊಂದು ಧರ್ಮಗ್ರಂಥವನ್ನು ಓದುವ ಬಗೆ. ಬರೀ ವಚನ ವಿವರಿಸಿದರೆ ಮೊದಲನೆಯದು ವಾಸಿಯಾಗದು. ಬರೀ ಮಾತ್ರೆ ಕೊಟ್ಟರೆ ಎರಡನೆಯದು ಸಡಿಲವಾಗದು.

ಮೊದಲ ಭೇಟಿಯಲ್ಲಿ ಸತ್ಯವೇದದ ಮಾತೇ ಎತ್ತಲಿಲ್ಲ. ರಾತ್ರಿ ಎಷ್ಟು ಗಂಟೆ ನಿದ್ದೆ, ಊಟ ಎಷ್ಟು, ತೂಕ ಇಳಿದಿದೆಯೇ, ಹೆಂಚಿನ ಮೇಲೆ ಮಳೆ ಜೋರಾದರೆ ಮೈಗೆ ಏನಾಗುತ್ತದೆ, ಸಾಯಬೇಕೆನಿಸಿದೆಯೇ ಎಂಬ ಪ್ರಶ್ನೆಗಳು. ಕೊನೆಯದನ್ನು ಸುತ್ತಿಬಳಸದೆ ನೇರವಾಗಿಯೇ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಆಕೆಗೆ ಅದು ಇರಲಿಲ್ಲ. ಆದರೆ ನಿದ್ದೆ ಮೂರು ಗಂಟೆಗಿಂತ ಹೆಚ್ಚಿರಲಿಲ್ಲ, ಲಾರಿ ಏರು ಹತ್ತುವ ಸದ್ದಿಗೂ ಗುಡ್ಡ ಬಂತೆಂದು ಎದ್ದು ಕೂರುತ್ತಿದ್ದರು, ತೋಟದ ಜಾರಿದ ಅಂಚಿಗೆ ಹೋಗಿ ವರ್ಷಗಳೇ ಆಗಿದ್ದವು. ಮಡಿಕೇರಿಯಲ್ಲಿ ಮನೋವೈದ್ಯರಿಗೆ ತೋರಿಸಲು ಚೀಟಿ ಬರೆದುಕೊಟ್ಟು, ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ತಿಳಿಸಲಾಯಿತು. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಮಾತ್ರೆ ನುಂಗುವುದು ನಂಬಿಕೆಗೆ ಕುಂದಲ್ಲವೇ ಎಂದು ಆಮೇಲೆ ಆಕೆಯೇ ಕೇಳಿದರು. ಅದಕ್ಕೆ ಉತ್ತರ ಸತ್ಯವೇದದಲ್ಲೇ ಇತ್ತು. ಅರಸುಗಳ ಮೊದಲ ಪುಸ್ತಕದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಸಾವು ಬೇಡಿ ಗಿಡದ ಕೆಳಗೆ ಮಲಗುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ. ರೊಟ್ಟಿ, ನೀರು, ನಿದ್ದೆ. ಎಬ್ಬಿಸಿ ಮತ್ತೊಮ್ಮೆ ಊಟ. ದೇವರ ಮಾತು ಶುರುವಾಗುವುದು ಅದರ ನಂತರ. ಇಷ್ಟು ಸಾಕಾಯಿತು, ಮಾತ್ರೆ ಶುರು ಮಾಡಿದರು.

ಎರಡನೆಯ ಭೇಟಿಗೆ ಅದೇ ಸತ್ಯವೇದವನ್ನು ತರಲು ಹೇಳಲಾಗಿತ್ತು. ಮೇಜಿನ ಮೇಲೆ ಬೆನ್ನಿನ ಮೇಲೆ ನಿಲ್ಲಿಸಿ ಎರಡೂ ಕೈ ಬಿಟ್ಟರೆ ಪುಸ್ತಕ ತಾನಾಗಿ ತೆರೆದುಕೊಂಡದ್ದು 91ನೆಯ ಕೀರ್ತನೆಗೆ. ಇನ್ನೊಮ್ಮೆ ಬಿಟ್ಟರೂ ಅಲ್ಲಿಗೇ. ಹೊಲಿಗೆ ಅಲ್ಲಿ ಸೀಳಿತ್ತು, ಹಾಳೆಯಂಚು ಬೆರಳಿನ ಎಣ್ಣೆಗೆ ಕಂದಾಗಿತ್ತು. ಕೀರ್ತನೆಗಳು ಸುಮಾರಾಗಿ ಗ್ರಂಥದ ನಡುವೆ ಬರುವುದರಿಂದ ಕಣ್ಣು ಮುಚ್ಚಿ ನಡುಭಾಗ ತೆರೆದವರಿಗೆ ಸಿಗುವುದು ಅವೇ. ಹೆಬ್ಬೆರಳು ಸ್ವಲ್ಪ ಬಲಕ್ಕೆ ಸರಿದರೆ ಪ್ರವಾದಿಗಳಾದ ಯೆಶಾಯ, ಯೆರೆಮೀಯ, ಯೆಹೆಜ್ಕೇಲರ ಪುಸ್ತಕಗಳು: ಜನಾಂಗಗಳ ಮೇಲಿನ ತೀರ್ಪುಗಳು ದಟ್ಟವಾಗಿರುವ ಹಾಳೆಗಳು. ಒಂದು ರಾತ್ರಿ ಸಾಂತ್ವನ, ಇನ್ನೊಂದು ರಾತ್ರಿ ಶಾಪ ಬಂದದ್ದಕ್ಕೆ ಹೊಲಿಗೆಯೂ ಹೆಬ್ಬೆರಳೂ ಸಾಕು. ಆಕೆ ಬಹಳ ಹೊತ್ತು ಪುಸ್ತಕದ ಬೆನ್ನನ್ನೇ ನೋಡುತ್ತ ಕೂತರು.

ಆಮೇಲಿನದು ಲೆಕ್ಕದ ಕೆಲಸ. ಒಂದು ವಾರ ಪ್ರತಿ ಸಲ ತೆರೆದಾಗಲೂ ನಾಲ್ಕು ಕಲಮಿನಲ್ಲಿ ಬರೆಯಬೇಕು: ಗಂಟೆ, ಕೇಳಿದ ಪ್ರಶ್ನೆ, ಬಂದ ವಚನ, ನೆಮ್ಮದಿ ಎಷ್ಟು ನಿಮಿಷ ನಿಂತಿತು. ಕೊನೆಯ ಕಲಮೇ ಮುಖ್ಯ. ತೆರೆದಷ್ಟೂ ನೆಮ್ಮದಿಯ ಆಯಸ್ಸು ಗಿಡ್ಡವಾಗುವುದು ಅವರ ಕೈಬರಹದಲ್ಲೇ ಕಾಣುತ್ತದೆ. ಎರಡನೆಯ ವಾರದಿಂದ ತಡ ಮಾಡುವ ಅಭ್ಯಾಸ: ತೆರೆಯಬೇಕೆನಿಸಿದಾಗ ಹದಿನೈದು ನಿಮಿಷ ಕಾಯುವುದು, ಮುಂದಿನ ವಾರ ಅರ್ಧ ಗಂಟೆ, ರಾತ್ರಿ ಹತ್ತರ ನಂತರ ಪುಸ್ತಕ ಬೀರುವಿನೊಳಗೆ. ಬದಲಿಗೆ ಬೆಳಿಗ್ಗೆ ಇಪ್ಪತ್ತು ನಿಮಿಷ, ಲೂಕನ ಸುವಾರ್ತೆ ಮೊದಲಿಂದ ಸಾಲಾಗಿ, ನಿಲ್ಲಿಸಿದಲ್ಲಿ ರಿಬ್ಬನ್ ಇಟ್ಟು. ಗಂಡನಿಗೂ ಒಂದು ಕೆಲಸವಿತ್ತು. "ಈ ವಚನಕ್ಕೆ ಹೆದರಬೇಕಾಗಿಲ್ಲ ಅಲ್ವಾ?" ಎಂದು ಆಕೆ ಕೇಳಿದಾಗ "ಇಲ್ಲ, ಇಲ್ಲ" ಎನ್ನಬಾರದು. "ಅದಕ್ಕೆ ಉತ್ತರ ಕೊಡಬಾರದು ಅಂತ ಮಾತಾಗಿದೆ, ಕಾಫಿ ಮಾಡ್ಲಾ?" ಎನ್ನಬೇಕು. ಮನೆಯವರು ಪ್ರೀತಿಯಿಂದ ಕೊಡುವ ಭರವಸೆಯೂ ಈ ಚಟದ ಮೇವೇ.

ಮೂರನೆಯ ವಾರ ಲೆಕ್ಕ ಒಮ್ಮೆಲೇ ಸೊನ್ನೆಗೆ ಇಳಿದಾಗ ಅನುಮಾನ ಬಂತು. ವಿಚಾರಿಸಿದರೆ ಚಟ ಫೋನಿಗೆ ದಾಟಿತ್ತು: ಆ್ಯಪ್‌ನ ದಿನದ ವಾಕ್ಯ, ವಾಟ್ಸಾಪ್ ಗುಂಪಿನ ವಾಕ್ಯ, ಯೂಟ್ಯೂಬಿನಲ್ಲಿ "ಇಂದು ದೇವರು ನಿನಗೆ ಹೇಳುವ ಮಾತು". ಇಂಥವರಲ್ಲಿ ಇದು ಆಗೇ ಆಗುತ್ತದೆ, ಮೊದಲೇ ಕೇಳಬೇಕಿತ್ತು. ಫೋನಿನ ನೋಟಿಫಿಕೇಶನ್‌ಗಳನ್ನು ನಿಲ್ಲಿಸಿ, ಅಲ್ಲಿ ನೋಡಿದ ವಾಕ್ಯಗಳನ್ನೂ ಅದೇ ನಾಲ್ಕು ಕಲಮಿಗೆ ಸೇರಿಸಲಾಯಿತು.

ಅದಕ್ಕಿಂತ ದೊಡ್ಡ ತಪ್ಪು ಸಲಹೆಯ ಕ್ರಮದಲ್ಲಾಯಿತು. ಆಕೆಗೆ ಪ್ರಾಣವಾಗಿದ್ದ ಇನ್ನೊಂದು ವಾಕ್ಯ ಯೆರೆಮೀಯ 29:11, ಒಳ್ಳೆಯ ಮುಂಗತಿಯನ್ನೂ ನಿರೀಕ್ಷೆಯನ್ನೂ ಕೊಡುವ ಯೋಚನೆ ದೇವರದು ಎಂಬುದು. ಅದು ಬಾಬೆಲಿಗೆ ಸೆರೆ ಹೋದವರಿಗೆ ಬರೆದ ಕಾಗದ, ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷದ ಗಡುವಿದೆ, ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಅದನ್ನು ಕಾಣದೆ ಸತ್ತಿರಬೇಕು ಎಂದು ಮೂರನೆಯ ಭೇಟಿಯಲ್ಲೇ ಹೇಳಲಾಯಿತು. ಮಾತು ಸರಿ, ಹೊತ್ತು ಸರಿಯಲ್ಲ. ಆಕೆ ಅಳುತ್ತ ಹೋದರು, ಮುಂದಿನ ಭೇಟಿಗೆ ಬರಲಿಲ್ಲ. ಒರಗಿದ ಗೋಡೆ ಸೊಟ್ಟಗಿದ್ದರೂ ಇನ್ನೊಂದು ಆಸರೆ ಕೊಡುವ ಮುಂಚೆ ಕೆಡವಬಾರದು. ಸಭಾಪಾಲಕರೇ ಮನೆಗೆ ಹೋಗಿ ಮಾತಾಡಿಸಿ, ಮರಳಿ ಕಳುಹಿಸಿದರು.

ಹಾಗಾಗಿ ಮೊದಲು ಆಗಬೇಕಿದ್ದ ಕೆಲಸ ಆಮೇಲೆ ಆಯಿತು: ದೇವರ ಮುಂದೆ ದೂರುವುದು. 13ನೆಯ ಕೀರ್ತನೆಯಲ್ಲಿ ಆರೇ ವಚನ. ಮೊದಲೆರಡರಲ್ಲಿ "ಇನ್ನೆಷ್ಟು ಕಾಲ" ಎಂಬ ಪ್ರಶ್ನೆ ನಾಲ್ಕು ಸಲ, ಮೂರು ನಾಲ್ಕರಲ್ಲಿ ಬೇಡಿಕೆ, ಐದು ಆರರಲ್ಲಿ ಭರವಸೆ. ಇದೇ ಅಚ್ಚಿನಲ್ಲಿ ತಮ್ಮದನ್ನು ಬರೆಯಲು ಹೇಳಲಾಯಿತು, ಸಭೆಯ ಭಾಷೆಯಲ್ಲಲ್ಲ, ಅಡುಗೆಮನೆಯ ಭಾಷೆಯಲ್ಲಿ. ಆಕೆ ಬರೆದ ಮೊದಲ ಸಾಲು: "ಇನ್ನೆಷ್ಟು ಮಳೆಗಾಲ ಚಪ್ಪಲಿ ಬಾಗಿಲ ಕಡೆ ತಿರುಗಿಸಿಟ್ಟು ಮಲಗಬೇಕು?" ಎರಡು ಭಾಗ ಬಂತು, ಮೂರನೆಯದು ಬರಲಿಲ್ಲ. ಬರಿಸಲೂ ಇಲ್ಲ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಗ್ರಂಥದಲ್ಲಿದೆ.

ಪಾಪದ ಮಾತಿಗೆ ಉತ್ತರ ಅವರು ಓದುತ್ತಿದ್ದ ಲೂಕನಲ್ಲೇ ಸಿಕ್ಕಿತು. 13:4ರಲ್ಲಿ ಸಿಲೊವಾಮಿನ ಗೋಪುರ ಬಿದ್ದು ಹದಿನೆಂಟು ಜನ ಸತ್ತ ಸುದ್ದಿ. ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೋ ಎಂಬ ಪ್ರಶ್ನೆಗೆ ಯೇಸುವಿನ ಉತ್ತರ, ಅಲ್ಲ. ಗುಡ್ಡದ ತಪ್ಪಲು ಕಡಿದು ರಸ್ತೆ, ಕಟ್ಟಡ ಮಾಡಿದ ಕಡೆಗಳಲ್ಲಿ ಇಳಿಜಾರು ಸಡಿಲಾಗುತ್ತದೆ, ದಿನಗಟ್ಟಲೆ ನೀರು ಕುಡಿದ ಮಣ್ಣು ಭಾರವಾಗಿ ಹಿಡಿತ ಬಿಡುತ್ತದೆ. ಕಾರಣ ಹುಡುಕುವುದಾದರೆ ಅಲ್ಲಿ ಹುಡುಕಬೇಕು.

ಈಗ 91ನೆಯ ಕೀರ್ತನೆಗೆ ಮರಳುವ ಧೈರ್ಯ ಬಂದಿತ್ತು. ಆ ಕೀರ್ತನೆಯ ಹನ್ನೊಂದು, ಹನ್ನೆರಡನೆಯ ವಚನಗಳನ್ನು ಸುವಾರ್ತೆಯಲ್ಲಿ ಎತ್ತಿ ಹೇಳುವವನು ಸೈತಾನ, ದೇವಾಲಯದ ತುದಿಯಲ್ಲಿ ನಿಂತು: ಧುಮುಕು, ದೂತರು ಕೈಯಲ್ಲಿ ಹಿಡಿಯುತ್ತಾರೆ. ಮತ್ತಾಯ 4ರಲ್ಲಿಯೂ ಲೂಕ 4ರಲ್ಲಿಯೂ ಇದೆ. ಯೇಸು ವಚನ ಸುಳ್ಳೆನ್ನುವುದಿಲ್ಲ, ದೇವರನ್ನು ಪರೀಕ್ಷಿಸಬಾರದು ಎಂಬ ಧರ್ಮೋಪದೇಶಕಾಂಡದ ಮಾತು ಹೇಳಿ ಅಲ್ಲೇ ನಿಲ್ಲುತ್ತಾನೆ. ಬಿರುಕು ಬಿಟ್ಟ ಇಳಿಜಾರಿನ ಕೆಳಗೆ ವಾಗ್ದಾನ ಹಿಡಿದು ಮಲಗುವುದು ಸೈತಾನನ ಮಾತಿಗೆ ಹತ್ತಿರವೋ ಯೇಸುವಿನ ಮಾತಿಗೋ ಎಂದು ಕೇಳಿದಾಗ ಆಕೆ ಉತ್ತರಿಸಲಿಲ್ಲ, ನಕ್ಕರು. ಅಪೊಸ್ತಲರ ಕೃತ್ಯಗಳ 27 ಇನ್ನೂ ಸ್ಪಷ್ಟ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ 276 ಜನ. ಯಾರ ಜೀವವೂ ಹೋಗುವುದಿಲ್ಲವೆಂಬ ವಾಗ್ದಾನ ಅವರಲ್ಲೊಬ್ಬನಾದ ಪೌಲನಿಗೆ ಸಿಕ್ಕಿದೆ. ಅದೇ ಪೌಲ 31ನೆಯ ವಚನದಲ್ಲಿ, ಈ ನಾವಿಕರು ಹಡಗು ಬಿಟ್ಟರೆ ನೀವು ಉಳಿಯಲಾರಿರಿ ಎಂದು ಎಚ್ಚರಿಸುತ್ತಾನೆ. ಆಮೇಲೆ ಊಟ ಮಾಡಿರೆನ್ನುತ್ತಾನೆ. ವಾಗ್ದಾನ ಸಿಕ್ಕಿತೆಂದು ಹುಟ್ಟು ಬಿಟ್ಟವನಲ್ಲ.

ಮನೆ ಬಿಡುವ ತೀರ್ಮಾನವನ್ನು ವಚನದಿಂದ ಬಿಡಿಸಿ ಮಳೆ ಪುಸ್ತಕಕ್ಕೆ ಒಪ್ಪಿಸಲಾಯಿತು. ತೋಟದವರ ಮನೆಯಲ್ಲಿ ಅದು ಇದ್ದೇ ಇರುತ್ತದೆ, ದಿನವೂ ಬೆಳಿಗ್ಗೆ ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಪಾಲು) ಬರೆದದ್ದು. ಇಷ್ಟೇ ಇಂಚಿಗೆ ಗುಡ್ಡ ಜಾರುತ್ತದೆಂಬ ಲೆಕ್ಕವಿಲ್ಲ. ಹಿಂದಿನ ದಿನಗಳಲ್ಲಿ ಮಣ್ಣು ಎಷ್ಟು ನೆನೆದಿದೆ ಎಂಬುದೂ ಸೇರುತ್ತದೆ. ಹವಾಮಾನ ಇಲಾಖೆ 24 ಗಂಟೆಗೆ 115.6 ಮಿಲಿಮೀಟರಿನಿಂದ ಮೇಲಿನದನ್ನು ಅತಿ ಭಾರಿ ಮಳೆ ಎನ್ನುತ್ತದೆ, ತೋಟದ ಲೆಕ್ಕದಲ್ಲಿ ನಾಲ್ಕೂವರೆ ಇಂಚು. ಗಂಡಹೆಂಡಿರು ಕೂತು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದರು: ಒಂದು ದಿನಕ್ಕೆ ನಾಲ್ಕೂವರೆ ಇಂಚು ದಾಟಿದರೆ, ಅಂಗಳದಲ್ಲಿ ಹೊಸ ಬಿರುಕು ಕಂಡರೆ, ಒರತೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ನೆಟ್ಟಗಿದ್ದ ಮರ ವಾಲಿದರೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿದರೆ, ಕತ್ತಲಾಗುವ ಮುಂಚೆ ಹೊರಡುವುದು. ಇವುಗಳಲ್ಲಿ ಒಂದೇ ಸಾಕು. ಪಂಚಾಯ್ತಿಯವರು ಹೇಳಿದರೆ ಇದಾವುದನ್ನೂ ನೋಡದೆ ಹೊರಡುವುದು.

ಕಾಗದಪತ್ರಗಳ ವಿಷಯಕ್ಕೆ ಯೆರೆಮೀಯನೇ ನೆರವಾದ. ಯೆರೂಸಲೇಮಿಗೆ ಮುತ್ತಿಗೆ ಬಿದ್ದಿರುವಾಗ ಅವನು ಅನಾತೋತಿನಲ್ಲಿ 17 ಶೆಕೆಲ್ ಬೆಳ್ಳಿಗೆ ಹೊಲ ಕೊಳ್ಳುತ್ತಾನೆ. ಸಾಕ್ಷಿಗಳ ಮುಂದೆ ತೂಕ ಮಾಡಿ, ಮುದ್ರೆ ಹಾಕಿದ ಪತ್ರವನ್ನೂ ಮುದ್ರೆಯಿಲ್ಲದ ಪ್ರತಿಯನ್ನೂ ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ, ಬಹುಕಾಲ ಬಾಳಲೆಂದು (32:9-14). ಪಹಣಿ, ಆಧಾರ್, ಪಾಸ್‌ಬುಕ್, ಕ್ರಯಪತ್ರ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹೋದವು, ಜೆರಾಕ್ಸ್ ಪ್ರತಿ ಕುಶಾಲನಗರದ ನಾದಿನಿಯ ಮನೆಗೆ. ಆಕೆ ಅದನ್ನು "ಯೆರೆಮೀಯನ ಮಡಕೆ" ಎಂದೇ ಕರೆಯುತ್ತಾರೆ. ತೋಟ ಮಾರಬೇಕೆಂಬ ಮಗನ ಒತ್ತಾಯ ಮಾತ್ರ ಹಾಗೇ ಇದೆ, ಅದಕ್ಕೆ ಸಲಹೆಯಲ್ಲಿ ಉತ್ತರ ಹುಡುಕಲಿಲ್ಲ.

ಆರು ಭೇಟಿಗಳ ನಂತರ ತಿಂಗಳಿಗೊಮ್ಮೆ ಫೋನು. ಕ್ರಿಸ್ಮಸ್ ಮರುದಿನ ಆಕೆ ಆದಿಕಾಂಡದಿಂದ ದಿನಕ್ಕೆ ಎರಡು ಅಧ್ಯಾಯ ಹಿಡಿದರು. ವರ್ಷದ ಕೊನೆಯ ರಾತ್ರಿ ಚೀಟಿ ಎತ್ತಿದರು, ಓದಿದರು, ರಿಬ್ಬನ್ನಿನ ಜಾಗಕ್ಕೆ ಇಡಲಿಲ್ಲ, ಅಷ್ಟೇ. ಮಾತ್ರೆಯನ್ನು ವೈದ್ಯರೇ ಮೆಲ್ಲಗೆ ಇಳಿಸುತ್ತಿದ್ದಾರೆ.

ಮರುವರ್ಷ ಜುಲೈ ಮೂರನೆಯ ವಾರ ಮಳೆ ಪುಸ್ತಕದಲ್ಲಿ ನಾಲ್ಕು ಇಂಚು ಎಂಬತ್ತು ಸೆಂಟು ಬಿತ್ತು. ಮಧ್ಯಾಹ್ನ ಮೂರಕ್ಕೆ ಇಬ್ಬರೂ ಡಬ್ಬಿ ಹಿಡಿದು ಹೊರಟರು. ಆ ರಾತ್ರಿ ಎರಡು ಸಲ ಕಣ್ಣು ಮುಚ್ಚಿ ತೆರೆಯಬೇಕೆನಿಸಿತಂತೆ, ಒಂದು ಸಲ ತೆರೆದರಂತೆ. ನಾಲ್ಕು ಕಲಮಿನಲ್ಲಿ ಅದೂ ಇದೆ. ಬೆಳಿಗ್ಗೆ ಕಾಳಜಿ ಕೇಂದ್ರದ ಬೆಂಚಿನ ಮೇಲೆ ರಿಬ್ಬನ್ ಇದ್ದ ಕಡೆ ಓದಿದರು. ಎಜ್ರನ ಎರಡನೆಯ ಅಧ್ಯಾಯ, ಬಾಬೆಲಿನಿಂದ ಮರಳಿದವರ ಪಟ್ಟಿ, ಉದ್ದಕ್ಕೂ ಬರೀ ಹೆಸರು ಮತ್ತು ಸಂಖ್ಯೆ. ಮುಂದಿನ ಭೇಟಿಗೆ ಆ ಹಾಳೆಯನ್ನೇ ತೆರೆದು ತಂದಿದ್ದರು. 23ನೆಯ ವಚನದ ಕೆಳಗೆ ಪೆನ್ಸಿಲ್ ಗೆರೆ: ಅನಾತೋತಿನವರು, 128.