ಓದುಗರ ಪ್ರಶ್ನೆ: ಡೈನರಿನ ಕಾವಲಿಯ ಮುಂದೆ

ಪ್ರಶ್ನೆ: ನಾವು ಅಡಿಕೆ ತೋಟದವರು. ಮಗ ಪೆನ್ಸಿಲ್ವೇನಿಯಾದ ಸಣ್ಣ ಪಟ್ಟಣವೊಂದರಲ್ಲಿ ಕೆಲಸದಲ್ಲಿದ್ದಾನೆ. ಬರುವ ಬೇಸಿಗೆಯಲ್ಲಿ ಅಲ್ಲಿಗೆ ಹೋಗುತ್ತಿದ್ದೇವೆ. ಭಾನುವಾರ ಬೆಳಿಗ್ಗೆ ಆ ಊರಿನ ಡೈನರಿಗೆ ಕರೆದೊಯ್ಯುತ್ತೇನೆ ಎನ್ನುತ್ತಾನೆ. ನಮ್ಮ ಯಜಮಾನರು ಮೊಟ್ಟೆ ತಿನ್ನುತ್ತಾರೆ, ನಾನು ಅದನ್ನೂ ಮುಟ್ಟುವುದಿಲ್ಲ. ನನಗೆ ಅಲ್ಲಿ ತಿನ್ನಲು ಏನಾದರೂ ಸಿಕ್ಕೀತೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸಿಗುತ್ತದೆ, ಅಮ್ಮಾ. ದಯವಿಟ್ಟು ಹಿಂಜರಿಯದೆ ಹೋಗಿ ಬನ್ನಿ. ನಮ್ಮ ಬಸ್ ನಿಲ್ದಾಣದ ಎದುರಿನ ಹೋಟೆಲಿನಂತೆ, ಊರಿನವರು ದಿನವೂ ಬಂದು ತಿಂಡಿ ತಿಂದು ನಾಲ್ಕು ಮಾತನಾಡಿ ಹೋಗುವ ಜಾಗವೇ ಡೈನರ್. ಬೆಳಗಿನ ತಿಂಡಿಯನ್ನು ದಿನವಿಡೀ ಕೊಡುವುದು ಹೆಚ್ಚಿನ ಡೈನರುಗಳ ಪದ್ಧತಿ. ಇಂಥದ್ದು ಬೇಕು, ಇಂಥದ್ದು ಬೇಡ ಎಂದು ಬಾಯಿಬಿಟ್ಟು ಹೇಳಿದರೆ ಅವರು ಬೇಸರಿಸುವುದಿಲ್ಲ. ಹೇಳದೆ ಕುಳಿತರೆ ಮಾತ್ರ ತೊಂದರೆ.

ಮೊದಲು ಕಾವಲಿಯ ವಿಷಯ ಹೇಳುತ್ತೇನೆ. ಮಗಳ ಮನೆಗೆ ಹೋಗಿದ್ದಾಗ ನಾನು ಅಂಥದ್ದೇ ಒಂದು ಡೈನರಿನ ಕೌಂಟರಿನಲ್ಲಿ, ಅಡುಗೆಯವರ ಕೈ ನೇರವಾಗಿ ಕಾಣುವಂತೆ ಕುಳಿತಿದ್ದೆ. ನಮ್ಮ ಹೋಟೆಲಿನ ದೋಸೆ ಕಾವಲಿಯಷ್ಟೇ ಉದ್ದನೆಯ ಕಾವಲಿಯ ಒಂದು ತುದಿಯಲ್ಲಿ ಹಂದಿಮಾಂಸದ ಬೇಕನ್ ಪಟ್ಟಿಗಳು ಚುರುಗುಟ್ಟುತ್ತಿದ್ದವು. ಇನ್ನೊಂದು ತುದಿಯಲ್ಲಿ ಅವರು ತುರಿದ ಆಲೂಗಡ್ಡೆಯನ್ನು ಅಕ್ಕಿರೊಟ್ಟಿಯಂತೆ ಹರವಿ, ಬೇಕನ್ ತಿರುಗಿಸಿದ ಅದೇ ಮಗುಚುವ ಕೈಯಿಂದ ಅದನ್ನೂ ಮಗುಚಿದರು. ಅಂಚು ಗರಿಗರಿಯಾಗುವ ಈ ಆಲೂಗಡ್ಡೆಯ ತಿನಿಸಿಗೆ ಹ್ಯಾಶ್ ಬ್ರೌನ್ಸ್ ಎಂದು ಹೆಸರು. ಪಟ್ಟಿಯಲ್ಲಿ ಅದು ಶುದ್ಧ ಸಸ್ಯಾಹಾರವಾಗಿಯೇ ಕಾಣುತ್ತದೆ. ನಾನು ಬಡಿಸುವವರನ್ನು ಕರೆದು, ಬೇರೆ ಬಾಣಲೆಯಲ್ಲಿ ಬೆಣ್ಣೆ ಹಾಕಿ ಮಾಡಿಕೊಡಲು ಸಾಧ್ಯವೇ ಎಂದು ಕೇಳಿದೆ. ಅಡುಗೆಯವರು ತಲೆಯಾಡಿಸಿ, ಕೊಕ್ಕೆಯಿಂದ ಸಣ್ಣ ಬಾಣಲೆಯೊಂದನ್ನು ಇಳಿಸಿದರು. ಜನಜಂಗುಳಿ ಇರುವ ಭಾನುವಾರ ಹೀಗೆ ಮಾಡಿಕೊಡಲು ಆಗದೆಯೂ ಇರಬಹುದು. ಆಗ ಬೆಣ್ಣೆ-ಜಾಮಿನ ಜೊತೆ ಟೋಸ್ಟ್, ಹಣ್ಣು, ಹಾಲು ಹಾಕಿದ ಓಟ್ಸ್ ಗಂಜಿ ಇವುಗಳಿಂದ ನಿಮ್ಮ ಹೊಟ್ಟೆ ತುಂಬುತ್ತದೆ.

‘ವೆಜಿಟೇರಿಯನ್’ ಎಂಬ ಒಂದು ಮಾತನ್ನು ನಂಬಿ ಕೂರಬೇಡಿ. ಬೇಕನ್, ಸಾಸೇಜ್, ಕೋಳಿಯ ರಸ, ಮೊಟ್ಟೆ ಎಂದು ಒಂದೊಂದನ್ನೂ ಹೆಸರಿಸಿ ಬೇಡವೆನ್ನಿ. ತರಕಾರಿ ಸೂಪಿಗೂ ಕೋಳಿ ಬೇಯಿಸಿದ ನೀರನ್ನು ಬಳಸುವುದುಂಟು. ಪೈ ಎಂಬ ಸಿಹಿಯ ಹೊರಪದರಕ್ಕೆ ಕೆಲವರು ಹಂದಿಯ ಕೊಬ್ಬನ್ನು ಹಾಕುತ್ತಾರೆ. ನಮ್ಮವರು ಹೆಚ್ಚಾಗಿ ಮೋಸಹೋಗುವುದು ‘ಬಿಸ್ಕೆಟ್ಸ್ ಅಂಡ್ ಗ್ರೇವಿ’ ಎಂಬ ಹೆಸರಿಗೆ. ಅಲ್ಲಿನ ಬಿಸ್ಕೆಟ್ ಚಹಾದಲ್ಲಿ ಅದ್ದುವಂಥದ್ದಲ್ಲ, ಮೆತ್ತನೆಯ ಖಾರವಿಲ್ಲದ ಬನ್ನು. ಅದರ ಮೇಲೆ ಸುರಿಯುವ ಬಿಳಿ ಗ್ರೇವಿಯಲ್ಲಿ ಸಾಮಾನ್ಯವಾಗಿ ಹಂದಿಯ ಸಾಸೇಜಿನ ಚೂರುಗಳಿರುತ್ತವೆ.

ಪ್ಯಾನ್‌ಕೇಕ್ ನೋಡಲು ನಮ್ಮ ಸೆಟ್ ದೋಸೆಯಂತಿದ್ದರೂ ಅದರ ಹಿಟ್ಟಿಗೆ ಮೊಟ್ಟೆ ಬೀಳುತ್ತದೆ. ಆದ್ದರಿಂದ ಅದು ನಿಮ್ಮ ಯಜಮಾನರಿಗೆ ಮಾತ್ರ. ಅದರ ಮೇಲೆ ಸುರಿದುಕೊಳ್ಳುವ ಮೇಪಲ್ ಸಿರಪ್ಪನ್ನು ನೀವೂ ಟೋಸ್ಟಿನ ಜೊತೆ ತಿನ್ನಬಹುದು. ನಮ್ಮ ಜೋನಿಬೆಲ್ಲವನ್ನು ಬಲ್ಲವರಿಗೆ ಅದರ ರುಚಿ ತಕ್ಷಣ ಹಿಡಿಸುತ್ತದೆ. ಚಳಿಗಾಲ ಮುಗಿಯುತ್ತಿರುವಾಗ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಮೇಪಲ್ ಮರದ ಕಾಂಡಕ್ಕೆ ಸಣ್ಣ ತೂತು ಕೊರೆದು ರಸ ಇಳಿಸುತ್ತಾರೆ. ಅದನ್ನು, ನಮ್ಮ ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯಿಸುವಂತೆ, ಗಂಟೆಗಟ್ಟಲೆ ಕುದಿಸುತ್ತಾರೆ. ಸುಮಾರು 40 ಲೀಟರ್ ರಸ ಬತ್ತಿದರೆ ಒಂದು ಲೀಟರ್ ಸಿರಪ್ ಆಗುತ್ತದೆ. ಹಾಗಾಗಿಯೇ ಅದು ದುಬಾರಿ. ಎಷ್ಟೋ ಡೈನರುಗಳಲ್ಲಿ ಮೇಜಿನ ಮೇಲೆ ಇಟ್ಟಿರುವುದು ಮೆಕ್ಕೆಜೋಳದ ಸಕ್ಕರೆಪಾಕದಿಂದ ಮಾಡಿದ, ಮೇಪಲ್ ಪರಿಮಳದ ಸಿರಪ್ ಮಾತ್ರ. ಅಸಲಿ ಬೇಕೆಂದು ಕೇಳಿ, ಸ್ವಲ್ಪ ಹೆಚ್ಚು ಹಣ ತೆತ್ತಾದರೂ ಒಮ್ಮೆ ರುಚಿ ನೋಡಿ. ಇದು ನನ್ನ ಒತ್ತಾಯ.

ಯಜಮಾನರಿಗೆ ಒಂದು ಮಾತು. ಮೊಟ್ಟೆ ಎಂದೊಡನೆ ಹೇಗೆ ಬೇಕೆಂದು ಕೇಳುತ್ತಾರೆ. ಮಗುಚದೆ ಹಳದಿ ಮೇಲೆ ಕಾಣುವಂತಿದ್ದರೆ ಸನ್ನಿ ಸೈಡ್ ಅಪ್, ಮಗುಚಿಯೂ ಒಳಗೆ ಹಳದಿ ನೀರಾಗಿಯೇ ಇದ್ದರೆ ಓವರ್ ಈಸಿ, ಹಳದಿ ಪೂರ್ತಿ ಗಟ್ಟಿಯಾಗಬೇಕಾದರೆ ಓವರ್ ಹಾರ್ಡ್. ಅದರ ಬೆನ್ನಿಗೇ ಟೋಸ್ಟ್ ಯಾವುದು ಎಂಬ ಪ್ರಶ್ನೆ ಬರುತ್ತದೆ. ಮೈದಾದ್ದು ವೈಟ್, ಗೋಧಿಯದ್ದು ವ್ಹೀಟ್, ರೈ ಧಾನ್ಯದ್ದು ರೈ.

ಪ್ರಶ್ನೆ: ಡೈನರುಗಳು ಹಳೆಯ ರೈಲು ಬೋಗಿಗಳೇ? ಚಿತ್ರಗಳಲ್ಲಿ ಹಾಗೆಯೇ ಕಾಣುತ್ತವೆ.
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಬಹುಪಾಲು ಅಲ್ಲ. ಕುದುರೆ ಎಳೆಯುತ್ತಿದ್ದ ಹಳೆಯ ಟ್ರಾಮುಗಳನ್ನು ತಿಂಡಿಮನೆ ಮಾಡಿಕೊಂಡದ್ದು ಉಂಟಾದರೂ ಡೈನರಿನ ಮೂಲ ಇರುವುದು ಕುದುರೆಗಾಡಿಯಲ್ಲಿ. ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ವಾಲ್ಟರ್ ಸ್ಕಾಟ್ ಎಂಬುವರು 1872ರಲ್ಲಿ ರಾತ್ರಿಪಾಳಿಯವರಿಗಾಗಿ ಗಾಡಿಯಲ್ಲಿ ಸ್ಯಾಂಡ್‌ವಿಚ್, ಪೈ, ಕಾಫಿ ಮಾರತೊಡಗಿದರು. ಪತ್ರಿಕಾ ಕಚೇರಿಯ ಕೆಲಸಗಾರರು ಅವರ ಗಿರಾಕಿಗಳು. ನಮ್ಮ ನೆಹರೂ ರಸ್ತೆಯ ಸಂಜೆಯ ಗಾಡಿಗಳನ್ನು ನೆನಪಿಸಿಕೊಂಡರೆ ನಿಮಗೆ ಚಿತ್ರ ಸಿಗುತ್ತದೆ. ಮುಂದೆ ಗಾಡಿಯೊಳಗೇ ಗಿರಾಕಿಗಳಿಗೆ ಜಾಗವಾಯಿತು, ಗಾಡಿ ಬೆಳೆದು ಕಟ್ಟಡವಾಯಿತು. 1906ರಿಂದ 1957ರವರೆಗೆ ನಡೆದ ವೂಸ್ಟರ್ ಲಂಚ್ ಕಾರ್ ಕಂಪನಿಯೊಂದೇ 600ಕ್ಕೂ ಹೆಚ್ಚು ಡೈನರುಗಳನ್ನು ಕಾರ್ಖಾನೆಯಲ್ಲಿಯೇ ಕಟ್ಟಿತು. ನ್ಯೂಜೆರ್ಸಿಯಲ್ಲಿಯೂ ಇಂಥ ಕಾರ್ಖಾನೆಗಳು ಹಲವಿದ್ದವು. ಕಟ್ಟಿದ್ದನ್ನು ರೈಲಿನ ಮೇಲೋ ರಸ್ತೆಯ ಮೇಲೋ ಸಾಗಿಸಬೇಕಾದ್ದರಿಂದ ಅಗಲ ಕಿರಿದು, ಉದ್ದ ಹೆಚ್ಚು. ಬೋಗಿಯ ಆಕಾರ ಬಂದದ್ದು ಹೀಗೆ. ಈಶಾನ್ಯ ರಾಜ್ಯಗಳಲ್ಲಿ ಗ್ರೀಸಿನಿಂದ ವಲಸೆ ಬಂದ ಕುಟುಂಬಗಳು ಈ ವ್ಯಾಪಾರವನ್ನು ಕೈಗೆತ್ತಿಕೊಂಡದ್ದು, ಉಡುಪಿ ಕಡೆಯವರು ಊರೂರಿಗೆ ಹೋಗಿ ಹೋಟೆಲ್ ತೆರೆದದ್ದನ್ನು ನೆನಪಿಸುತ್ತದೆ.

ಪ್ರಶ್ನೆ: ಬಿಲ್ಲಿನ ಮೇಲೆ ಟಿಪ್ಸ್ ಕೊಡಲೇಬೇಕೆ? ಅಲ್ಲಿನ ಕಾಫಿ ಹೇಗಿರುತ್ತದೆ?
— ಓದುಗರೊಬ್ಬರು, ಸಾಗರ

ಉತ್ತರ: ಕೊಡಬೇಕು. ಇಲ್ಲಿ ತಟ್ಟೆಯಲ್ಲಿ ಚಿಲ್ಲರೆ ಬಿಟ್ಟು ಬರುವಂತೆ ಅಲ್ಲಿ ಮಾಡಬಾರದು. ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ, ಕೇಂದ್ರ ಕಾನೂನಿನ ಪ್ರಕಾರ, 1991ರಿಂದ ಗಂಟೆಗೆ 2.13 ಡಾಲರ್ ಮಾತ್ರ. ಕ್ಯಾಲಿಫೋರ್ನಿಯಾದಂತಹ ಕೆಲವು ರಾಜ್ಯಗಳು ಪೂರ್ತಿ ಕನಿಷ್ಠ ಕೂಲಿಯನ್ನೇ ಕಡ್ಡಾಯ ಮಾಡಿದ್ದರೂ, ಬೇರೆಡೆ ಬಡಿಸುವವರ ಸಂಸಾರ ನಡೆಯುವುದು ಬಹುಮಟ್ಟಿಗೆ ನೀವು ಬಿಡುವ ಹಣದಿಂದಲೇ. ಬಿಲ್ಲಿನ ನೂರಕ್ಕೆ 15ರಿಂದ 20ರಷ್ಟು ಕೊಡುವುದು ವಾಡಿಕೆ. ಹಲವು ಡೈನರುಗಳಲ್ಲಿ ಬಿಲ್ಲನ್ನು ಬಾಗಿಲ ಬಳಿಯ ಗಲ್ಲಾದಲ್ಲಿ ಕಟ್ಟಿ, ಟಿಪ್ಸನ್ನು ಮೇಜಿನ ಮೇಲೆಯೇ ಇಡುತ್ತಾರೆ. ಪಟ್ಟಿಯಲ್ಲಿ ಬರೆದ ಬೆಲೆಗೆ ಸಾಮಾನ್ಯವಾಗಿ ತೆರಿಗೆಯೂ ಸೇರುತ್ತದೆಂಬುದು ನೆನಪಿರಲಿ.

ಕಾಫಿ ತೆಳ್ಳಗಿರುತ್ತದೆ, ಹಾಲಿಲ್ಲದೆ ಬರುತ್ತದೆ. ನಮ್ಮ ಡಿಕಾಕ್ಷನ್ನಿನ ಗಟ್ಟಿತನವನ್ನು ಅದರಲ್ಲಿ ಹುಡುಕಬಾರದು. ಬಿಸಿ ಹಾಲು ಬೇಕೆಂದು ಕೇಳಿದರೆ ತಂದುಕೊಡುತ್ತಾರೆ. ಒಂದು ಕಪ್ಪಿಗೆ ಹಣ ಕೊಟ್ಟರೆ ಸಾಮಾನ್ಯವಾಗಿ ಮತ್ತೆ ಮತ್ತೆ ಉಚಿತವಾಗಿ ತುಂಬುತ್ತಾರೆ. ಬಡಿಸುವವರು ಗಾಜಿನ ಹೂಜಿ ಹಿಡಿದು ಸುತ್ತುತ್ತಲೇ ಇರುತ್ತಾರೆ. ಸಾಕೆನಿಸಿದಾಗ, ಊಟದ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿಯುವಂತೆ, ಕಪ್ಪಿನ ಮೇಲೆ ಅಂಗೈ ಅಡ್ಡ ಹಿಡಿಯಿರಿ. ಅವರಿಗೆ ಅರ್ಥವಾಗುತ್ತದೆ.