ಇಳಿಸಿದ ತೂಕ ಮತ್ತೆ ಏರದ ಹಾಗೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದಿಂದ ಈ ಸಲ ಬಂದ ಪತ್ರಗಳಲ್ಲಿ ‘ತೂಕ ಇಳಿಸುವುದು ಹೇಗೆ’ ಎಂದು ಕೇಳಿದವರು ಕಡಿಮೆ. ‘ಇಳಿಸಿದ್ದು ಮರಳಿ ಬರ್ತಾ ಇದೆ, ಏನು ಮಾಡಲಿ’ ಎಂದು ಬರೆದವರೇ ಹೆಚ್ಚು. ಅಂಥ ಐದು ಪತ್ರಗಳಿಗೆ ಇಲ್ಲಿ ಉತ್ತರವಿದೆ.

ಪ್ರ: ಏಳು ತಿಂಗಳಲ್ಲಿ 82 ಕಿಲೋದಿಂದ 68 ಕಿಲೋಗೆ ಇಳಿದೆ. ಈಗ ನಾಲ್ಕು ತಿಂಗಳಲ್ಲಿ 3 ಕಿಲೋ ಮರಳಿ ಬಂದಿದೆ. ಬೇಕರಿ ತಿಂಡಿ, ಸಿಹಿ ಮುಟ್ಟಿಲ್ಲ. ಊಟ ಮೊದಲಿನಷ್ಟೇ ಇದೆ. ಥೈರಾಯ್ಡ್ ಪರೀಕ್ಷೆಯೂ ಸರಿಯಾಗಿ ಬಂದಿದೆ. ಎಲ್ಲಿ ತಪ್ಪುತ್ತಿದ್ದೇನೆ? – ಗೃಹಿಣಿ, 38 ವರ್ಷ, ಗಂಗಾವತಿ

ಉ: ಮೊದಲು ಲೆಕ್ಕ ಹಾಕೋಣ. ಒಂದು ಕಿಲೋ ಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ. 3 ಕಿಲೋಗೆ 23,000 ಆಯಿತು. ಅದನ್ನು 120 ದಿನಕ್ಕೆ ಹಂಚಿದರೆ ದಿನಕ್ಕೆ ಬರುವುದು 190 ಕ್ಯಾಲೊರಿ ಮಾತ್ರ. ಹುರಿದ ಶೇಂಗಾ 35 ಗ್ರಾಂ, ಅಂದರೆ ಒಂದು ತುಂಬು ಹಿಡಿ ತಿಂದರೆ ಅಷ್ಟಾಗುತ್ತದೆ. ಎಣ್ಣೆಯಾದರೆ ನಾಲ್ಕು ಟೀ ಚಮಚ. ಇಷ್ಟು ಹೆಚ್ಚಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ‘ಊಟ ಮೊದಲಿನಷ್ಟೇ’ ಎಂದು ನೀವು ಬರೆದದ್ದನ್ನು ನಾವು ಪೂರ್ತಿ ನಂಬುತ್ತೇವೆ.

ಇನ್ನೊಂದು ಕಾರಣ ದೇಹದೊಳಗೇ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ತಂಡ 2016ರಲ್ಲಿ ಹಾಕಿದ ಲೆಕ್ಕ ಹೀಗಿದೆ: ಇಳಿದ ಪ್ರತಿ ಕಿಲೋಗೆ ದೇಹದ ದಿನದ ಖರ್ಚು 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ, ಹಸಿವು ಮಾತ್ರ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ನೀವು ಇಳಿಸಿದ್ದು 14 ಕಿಲೋ. ಅಂದರೆ 82 ಕಿಲೋ ಇದ್ದಾಗ ತೂಕ ಏರಿಸದೆ ಇದ್ದ ಊಟ ಈಗ ದಿನಕ್ಕೆ ಮುನ್ನೂರು ಚಿಲ್ಲರೆ ಕ್ಯಾಲೊರಿ ಹೆಚ್ಚಾಗಿ ಬೀಳುತ್ತದೆ. ಈ ಹಸಿವು ಬೇಗ ತಣಿಯುವುದೂ ಇಲ್ಲ. ಆಸ್ಟ್ರೇಲಿಯಾದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50 ಜನ 10 ವಾರ ಕಟ್ಟುನಿಟ್ಟಿನ ಪಥ್ಯ ಮಾಡಿದ್ದರು. ಹೊಟ್ಟೆ ತುಂಬಿತೆಂದು ಮೆದುಳಿಗೆ ಹೇಳುವ ಲೆಪ್ಟಿನ್ ಅವರಲ್ಲಿ ಇಳಿದಿತ್ತು, ಹಸಿವು ಹೆಚ್ಚಿಸುವ ಗ್ರೆಲಿನ್ ಏರಿತ್ತು. ಒಂದು ವರ್ಷ ಕಳೆದರೂ ಎರಡೂ ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ನಿಮಗೆ ಆಗುತ್ತಿರುವ ಹಸಿವು ನಿಜವಾದದ್ದು. ಅದನ್ನು ಮನಸ್ಸಿನ ದೌರ್ಬಲ್ಯ ಎಂದುಕೊಂಡು ಕೊರಗಬೇಡಿ.

ಈಗ ಅಡುಗೆಮನೆಗೆ ಬರೋಣ. ಎರಡು ವಾರ ನಾಲ್ಕನ್ನೇ ತೂಗಿ: ಎಣ್ಣೆ, ಶೇಂಗಾ, ಹಿಟ್ಟು–ಅಕ್ಕಿ, ಸಕ್ಕರೆ. ಸೊಪ್ಪು, ತರಕಾರಿ ತೂಗುವುದು ಬೇಡ, ಅದರಿಂದ ಯಾರ ತೂಕವೂ ಮರಳುವುದಿಲ್ಲ.

ಎಣ್ಣೆಯನ್ನು ದಿನದ ಲೆಕ್ಕಕ್ಕಿಂತ ತಿಂಗಳ ಲೆಕ್ಕದಲ್ಲಿ ಹಿಡಿಯುವುದು ಸುಲಭ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ 2,000 ಕ್ಯಾಲೊರಿಯ ದಿನದ ಮಾದರಿ ತಟ್ಟೆಯಲ್ಲಿ ಒಬ್ಬರಿಗೆ ದಿನಕ್ಕೆ ಎಣ್ಣೆ 27 ಗ್ರಾಂ. ನಾಲ್ವರ ಮನೆಗೆ ಅದು ತಿಂಗಳಿಗೆ ಸುಮಾರು ಮೂರೂವರೆ ಲೀಟರ್. ನಿಮ್ಮ ಸ್ಥಿತಿಗೆ ಎರಡೂವರೆ ಲೀಟರ್ ಸಾಕು. ಒಂದನೇ ತಾರೀಖಿಗೆ ಅಷ್ಟನ್ನೇ ತೆಗೆದಿಟ್ಟು, 15ನೇ ತಾರೀಖು ಡಬ್ಬಿ ನೋಡಿ. ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಎಣ್ಣೆ ಎಲ್ಲಿ ಹೋಗುತ್ತಿದೆ ಎಂಬುದು ನಿಮಗೇ ಹೊಳೆಯುತ್ತದೆ. ಡಬ್ಬಿ ಬಗ್ಗಿಸಿ ಬಾಣಲೆಗೆ ಸುರಿಯುವುದನ್ನು ಬಿಟ್ಟು ಟೀ ಚಮಚದಲ್ಲೇ ಹಾಕಿ.

ಎಣ್ಣೆಗಾಯಿಯನ್ನು ಬಿಡಬೇಕಾಗಿಲ್ಲ. ನಾಲ್ವರಿಗೆ ನಾಲ್ಕು ಟೀ ಚಮಚ ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟು, ಮಸಾಲೆ ತುಂಬಿದ ಬದನೆಕಾಯಿ ಇಟ್ಟು, ಅರ್ಧ ಲೋಟ ನೀರು ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ. ಇಲ್ಲಿ ಎಡವುವುದು ಒಂದು ಕಡೆ: ಎಣ್ಣೆ ಕಡಿಮೆಯಾಯಿತು, ರುಚಿ ಬರಲಿ ಎಂದು ಶೇಂಗಾ ಪುಡಿ ಒಂದೊಂದು ಚಮಚ ಹೆಚ್ಚಿಸುತ್ತಾರೆ. 20 ಗ್ರಾಂ ಶೇಂಗಾ ಪುಡಿಯಲ್ಲೇ 110 ಕ್ಯಾಲೊರಿ ಇದೆ, ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು. ರೊಟ್ಟಿ ಪಕ್ಕದ ಶೇಂಗಾ ಹಿಂಡಿಗೆ ಹಾಕಿಕೊಳ್ಳುವ ಹಸಿ ಎಣ್ಣೆಯೂ ಇದೇ ಜಾತಿಯದು. ಅದರ ಬದಲು ಮೊಸರಲ್ಲಿ ಕಲಸಿಕೊಳ್ಳಿ.

ಪ್ರೋಟೀನ್ ಕೊರತೆಯೂ ಇರಬಹುದು. ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲ, ಸ್ನಾಯುವೇ ಸೇರಿದಂತೆ ಬೇರೆ ಅಂಗಾಂಶ. ಅದನ್ನು ಕಾಪಾಡಲು ಕಿಲೋಗೆ 1 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 70 ಗ್ರಾಂ ಪ್ರೋಟೀನ್ ಇಟ್ಟುಕೊಳ್ಳಿ. ಎರಡು ಮೊಟ್ಟೆಯಲ್ಲಿ 12 ಗ್ರಾಂ, 30 ಗ್ರಾಂ ಹೆಸರುಕಾಳು ಅಥವಾ ಮಡಕಿಕಾಳಲ್ಲಿ 7, 40 ಗ್ರಾಂ ತೊಗರಿಬೇಳೆಯಲ್ಲಿ 9, ಒಂದು ಲೋಟ ಹಾಲು ಮತ್ತು ಒಂದು ಬಟ್ಟಲು ಮೊಸರಲ್ಲಿ ಸೇರಿ 12, ಎರಡೂವರೆ ಜೋಳದ ರೊಟ್ಟಿಯಲ್ಲಿ 12. ಇಷ್ಟೆಲ್ಲ ತಿಂದರೂ 52ಕ್ಕೇ ನಿಲ್ಲುತ್ತದೆ. ವಾರಕ್ಕೆ ಮೂರ್ನಾಲ್ಕು ದಿನ 25 ಗ್ರಾಂ ಸೋಯಾ ತುಂಡು ಪಲ್ಯಕ್ಕೆ ಹಾಕಿದರೆ ಇನ್ನೊಂದು 13 ಸಿಗುತ್ತದೆ. ಮೊಟ್ಟೆ ತಿನ್ನದವರು ಕಾಳಿನ ಪಾಲನ್ನೇ ಎರಡರಷ್ಟು ಮಾಡಿಕೊಳ್ಳಲಿ. ಪ್ರೋಟೀನ್ ಸರಿಯಾಗಿದ್ದ ದಿನ ಸಂಜೆ ಆರರ ಹಸಿವು ತಾನಾಗಿ ಮೆತ್ತಗಾಗುವುದನ್ನು ನೀವೇ ಗಮನಿಸುತ್ತೀರಿ.

ಪ್ರ: ಗವಿಮಠದ ಜಾತ್ರೆಯಲ್ಲಿ ಎರಡು ದಿನ ಮಾದಲಿ, ರೊಟ್ಟಿ, ಮಿರ್ಚಿ ಪ್ರಸಾದ ತಗೊಂಡೆ. ಮೂರನೇ ದಿನ ತೂಕ 1.8 ಕಿಲೋ ಹೆಚ್ಚು. ಒಂದು ವರ್ಷದ ಶ್ರಮ ನೀರುಪಾಲಾಯಿತೆ? ತೂಕ ದಿನಾ ನೋಡಬೇಕೆ? – ಶಿಕ್ಷಕರು, ಕೊಪ್ಪಳ

ಉ: ಪ್ರಸಾದ ಸಮಾಧಾನದಿಂದ ತಗೊಳ್ಳಿ ಸರ್. 1.8 ಕಿಲೋ ಕೊಬ್ಬು ಕೂಡಬೇಕಾದರೆ ಆ ಎರಡು ದಿನ ಮಾಮೂಲಿ ಊಟದ ಮೇಲೆ ಹತ್ತಿರ ಹತ್ತಿರ 14,000 ಕ್ಯಾಲೊರಿ ತಿನ್ನಬೇಕು. ಅದು ಆಗದ ಮಾತು. ಬಂದಿರುವುದರಲ್ಲಿ ಹೆಚ್ಚಿನದು ನೀರು. ಗೋಧಿ, ಬೆಲ್ಲ, ಜೋಳದಿಂದ ಬಂದ ಸಕ್ಕರೆ ಅಂಶವನ್ನು ದೇಹ ಗ್ಲೈಕೋಜನ್ ಆಗಿ ಕೂಡಿಡುವಾಗ ಒಂದು ಗ್ರಾಂಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪೂ ಅದಕ್ಕೆ ಕೈಜೋಡಿಸುತ್ತದೆ. ಮಾಮೂಲಿ ಊಟಕ್ಕೆ ಮರಳಿದರೆ ನಾಲ್ಕೈದು ದಿನದಲ್ಲಿ ಹೆಚ್ಚಿನದು ಹೋಗುತ್ತದೆ. ತಪ್ಪಾಗುವುದು ಮರುದಿನ ಉಪವಾಸ ಕೂತಾಗ: ಹಗಲೆಲ್ಲ ಹಸಿದು ರಾತ್ರಿ ಕೈಗೆ ಸಿಕ್ಕಿದ್ದು ತಿನ್ನುತ್ತಾರೆ, ಎರಡು ದಿನದ ಜಾತ್ರೆ ಎರಡು ವಾರದ ಜಾತ್ರೆಯಾಗುತ್ತದೆ.

ತೂಕ ದಿನಾ ನೋಡುವುದು ಒಳ್ಳೆಯದು, ಆದರೆ ಒಂದು ದಿನದ ಅಂಕಿಯನ್ನು ನಂಬಬೇಡಿ. ಬೆಳಿಗ್ಗೆ ಶೌಚ ಮುಗಿಸಿ, ಚಹಾಕ್ಕೆ ಮುಂಚೆ, ಒಂದೇ ಥರದ ಬಟ್ಟೆಯಲ್ಲಿ ನಿಲ್ಲಿ. ನಮ್ಮ ಕಡೆ ಬಂಡೆ ಹಾಸಿದ ನೆಲ ಏರುತಗ್ಗು ಇರುತ್ತದೆ, ತಕ್ಕಡಿಯನ್ನು ಅರ್ಧ ಅಡಿ ಸರಿಸಿದರೂ ಅಂಕಿ ಬದಲಾಗಬಹುದು. ಸಮವಾದ ಜಾಗ ಹುಡುಕಿ, ಅಲ್ಲೇ ಇಡಿ. ಏಳು ದಿನದ ಅಂಕಿ ಕೂಡಿಸಿ ಏಳರಿಂದ ಭಾಗಿಸಿ ಕ್ಯಾಲೆಂಡರಿನಲ್ಲಿ ಬರೆಯಿರಿ.

ಈ ಸರಾಸರಿ ನಿಮ್ಮ ಗುರಿ ತೂಕಕ್ಕಿಂತ ಒಂದೂವರೆ ಕಿಲೋ ಮೇಲೆ ಹೋದರೆ ಎಚ್ಚರಿಕೆ, 2.3 ಕಿಲೋ ಮೇಲೆ ಹೋದರೆ ಕೆಂಪು ಗೆರೆ. ಈ ಗೆರೆಗಳ ಹಿಂದೆ ಪರೀಕ್ಷಿಸಿ ನೋಡಿದ ಆಧಾರವಿದೆ. ಅಮೆರಿಕದಲ್ಲಿ ತೂಕ ಇಳಿಸಿದ 314 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬರೀ ಸುದ್ದಿಪತ್ರ ಪಡೆದವರ ಪೈಕಿ ಶೇ 72ರಷ್ಟು ಜನ 18 ತಿಂಗಳಲ್ಲಿ 2.3 ಕಿಲೋ ಅಥವಾ ಹೆಚ್ಚು ಮರಳಿ ಪಡೆದರು. ದಿನಾ ತೂಗಿ, ಗೆರೆ ದಾಟಿದ ಕೂಡಲೇ ಕ್ರಮಕ್ಕೆ ಇಳಿಯುವುದನ್ನು ಎದುರು ಕೂತು ಕಲಿತವರಲ್ಲಿ ಅದು ಶೇ 46. ಕ್ರಮವೆಂದರೆ ಎರಡು ವಾರ ರಾತ್ರಿ ಒಂದು ರೊಟ್ಟಿ ಕಡಿಮೆ, ದಿನಕ್ಕೆ ಮೂರೇ ಟೀ ಚಮಚ ಎಣ್ಣೆ, ಮಂಡಕ್ಕಿ ಒಗ್ಗರಣೆ–ಮಿರ್ಚಿ ಬಂದ್, ಇಪ್ಪತ್ತು ನಿಮಿಷ ಹೆಚ್ಚು ನಡಿಗೆ. ಎರಡು ಕಿಲೋ ಇರುವಾಗ ಇಷ್ಟು ಸಾಕಾಗುತ್ತದೆ. ಎಂಟು ಕಿಲೋ ಆದಮೇಲೆ ಮತ್ತೆ ಏಳು ತಿಂಗಳ ಪಥ್ಯ ಬೇಕು. ಅದಕ್ಕೇ ಈ ಗೆರೆಯ ವಿಷಯದಲ್ಲಿ ನಾವು ಇಷ್ಟು ಹಟ ಹಿಡಿಯುವುದು.

ಹೆಣ್ಣುಮಕ್ಕಳಿಗೆ ಮುಟ್ಟಿನ ಮುಂಚೆ ಒಂದೆರಡು ಕಿಲೋ ಏರಿಳಿತ ಸಹಜ, ಆ ವಾರವನ್ನು ಹಿಂದಿನ ತಿಂಗಳ ಅದೇ ವಾರಕ್ಕೆ ಹೋಲಿಸಲಿ. ತಕ್ಕಡಿ ಕಂಡರೆ ಎದೆ ಹೊಡೆದುಕೊಳ್ಳುವಷ್ಟು ಆತಂಕ ಇರುವವರು ದಿನಾ ತೂಗುವುದು ಬೇಡ. ಹದಿನೈದು ದಿನಕ್ಕೊಮ್ಮೆ ಟೇಪಿನಲ್ಲಿ ಸೊಂಟದ ಸುತ್ತಳತೆ ನೋಡಿದರೆ ಸಾಕು.

ಪ್ರ: ಅನ್ನ ಪೂರ್ತಿ ಬಿಟ್ಟು ಜೋಳದ ರೊಟ್ಟಿ ಮಾತ್ರ ತಿಂದು 9 ಕಿಲೋ ಇಳಿದೆ. ಮನೆಯಲ್ಲಿ ಎಲ್ಲರೂ ಎರಡು ಹೊತ್ತು ಅನ್ನ ಉಣ್ಣುವವರು, ಎಷ್ಟು ದಿನ ಬೇರೆ ಮಾಡಿಕೊಳ್ಳಲಿ? ಅನ್ನ ಶುರು ಮಾಡಿದರೆ ತೂಕ ಬರುತ್ತದೆಯೆ? – ಸಿಂಧನೂರು

ಉ: ಸೋನಾ ಮಸೂರಿ ಬೆಳೆಯುವ ಊರಲ್ಲಿ ಅನ್ನ ಬಿಡಿಸುವ ಪಥ್ಯ ಬಹಳ ಕಾಲ ನಡೆಯುವಂಥದ್ದಲ್ಲ. ನಮ್ಮ ಅಭಿಪ್ರಾಯದಲ್ಲಿ ನೀವು ಈಗಲೇ ಅನ್ನವನ್ನು ಅಳತೆಯಿಂದ ಮರಳಿ ತರುವುದು ಲೇಸು. ಇಲ್ಲವಾದರೆ ಅದು ಯಾವುದೋ ಮದುವೆಮನೆಯಲ್ಲಿ ಅಳತೆಯಿಲ್ಲದೆ ಮರಳುತ್ತದೆ.

100 ಗ್ರಾಂ ಅಕ್ಕಿ, 100 ಗ್ರಾಂ ಜೋಳದ ಹಿಟ್ಟು, ಎರಡರಲ್ಲೂ ಕ್ಯಾಲೊರಿ ಹೆಚ್ಚುಕಡಿಮೆ 350ರ ಆಸುಪಾಸು. ನಾರಿನಲ್ಲಿ ವ್ಯತ್ಯಾಸ ದೊಡ್ಡದು: ಜೋಳದಲ್ಲಿ ಸುಮಾರು 10 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ರೊಟ್ಟಿಯನ್ನು ಎಣಿಸುತ್ತೇವೆ, ಅಗಿಯುತ್ತೇವೆ. ಅನ್ನವನ್ನು ಎಣಿಸುವುದಿಲ್ಲ, ಸಾರಿನ ಜೊತೆ ಅದು ಜಾರಿ ಹೋಗುತ್ತದೆ. ಆದ್ದರಿಂದ ಅನ್ನವನ್ನೂ ಎಣಿಕೆಗೆ ತನ್ನಿ. ಒಂದು ಸಣ್ಣ ಸ್ಟೀಲ್ ಬಟ್ಟಲನ್ನು ಇದಕ್ಕೇ ಮೀಸಲಿಡಿ. 125 ಗ್ರಾಂ ಅನ್ನ ಹಿಡಿಯುವ ಬಟ್ಟಲಿಗೆ ಸುಮಾರು 160 ಕ್ಯಾಲೊರಿ, 45 ಗ್ರಾಂ ಹಿಟ್ಟಿನ ಒಂದು ರೊಟ್ಟಿಗೂ ಹತ್ತಿರ ಹತ್ತಿರ ಅಷ್ಟೇ. ಒಂದು ರೊಟ್ಟಿಗೆ ಒಂದು ಬಟ್ಟಲು ಅನ್ನ ಬದಲಿ. ಮೊದಲು ಪಲ್ಯ, ಕಾಳು, ಹಸಿ ಸೌತೆಕಾಯಿ ಮುಗಿಸಿ, ಅನ್ನ ಕೊನೆಗೆ ಬರಲಿ.

ಖಡಕ್ ರೊಟ್ಟಿಯ ಬಗ್ಗೆ ಒಂದು ಮಾತು. ಅದು ಹಗುರ ಎಂದು ಐದಾರು ತಿನ್ನುವವರಿದ್ದಾರೆ. ಒಣಗಿಸಿದಾಗ ಹೋಗುವುದು ನೀರು, ಹಿಟ್ಟು ಅಷ್ಟೇ ಉಳಿದಿರುತ್ತದೆ.

ಪ್ರ: ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ. ತೂಕ 12 ಕಿಲೋ ಇಳಿಸಿದ್ದೆ. ಬೇಸಿಗೆ ಬಂತೆಂದರೆ ವಾಕಿಂಗ್ ನಿಲ್ಲುತ್ತದೆ, ರಾತ್ರಿ ಪಾಳಿ ವಾರದಲ್ಲಿ ಊಟ ಹಾಳಾಗುತ್ತದೆ. – 34 ವರ್ಷ

ಉ: ತೂಕ ಹಿಡಿದಿಡಲು ವ್ಯಾಯಾಮ ಇಳಿಸುವಾಗಿನದಕ್ಕಿಂತ ಹೆಚ್ಚು ಬೇಕು, ವಾರಕ್ಕೆ 250 ನಿಮಿಷದ ಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ ಅದನ್ನು ಒಂದೇ ಸಲ ಮುಗಿಸಲು ಹೋಗಬೇಡಿ. ಹಗಲು ಪಾಳಿ ಇದ್ದಾಗ ಬೆಳಿಗ್ಗೆ ಐದೂಕಾಲಿಗೆ 25 ನಿಮಿಷ, ರಾತ್ರಿ ಊಟವಾದ ಮೇಲೆ 15 ನಿಮಿಷ. ರಾತ್ರಿ ಪಾಳಿಯ ವಾರದಲ್ಲಿ ಕೆಲಸಕ್ಕೆ ಹೊರಡುವ ಮುಂಚೆ, ಬಿಸಿಲು ಪೂರ್ತಿ ಇಳಿದ ಮೇಲೆ ನಡೆಯಿರಿ. ಪಾಳಿ ಮುಗಿಸಿ ಬಂದು ನಡೆಯುತ್ತೇನೆ ಎಂದವರ ವಾಕಿಂಗ್ ಸಾಮಾನ್ಯವಾಗಿ ಮೂರನೇ ದಿನಕ್ಕೆ ನಿಲ್ಲುತ್ತದೆ.

ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ, ಎರಡು ಲೀಟರಿನ ನೀರಿನ ಬಾಟಲಿ ಹಿಡಿದು ಬಗ್ಗಿ ಎದೆಯತ್ತ ಎಳೆಯುವುದು. ಒಂದೊಂದೂ 12 ಸಲ, ಮೂರು ಸುತ್ತು. ಹದಿನೈದು ಸಲ ಸಲೀಸಾದರೆ ಮೂರು ಕಿಲೋ ಅಕ್ಕಿಯ ಚೀಲ ಬೆನ್ನಿಗೆ ಹಾಕಿಕೊಂಡು ಎದ್ದು ಕೂರಿ. ಮೊಣಕಾಲು ನೋಯುತ್ತಿದ್ದರೆ ಹೆಚ್ಚಾಗಿ ಕುರ್ಚಿ ತಗ್ಗಿರುತ್ತದೆ, ಎತ್ತರದ್ದು ತೆಗೆದುಕೊಳ್ಳಿ.

ರಾತ್ರಿ ಪಾಳಿಯಲ್ಲಿ ಮುಖ್ಯ ಊಟ ಮನೆಯಲ್ಲೇ ಮುಗಿಸಿ ಹೊರಡಿ. ಬುತ್ತಿಯಲ್ಲಿ ಎರಡು ಬೇಯಿಸಿದ ಮೊಟ್ಟೆ ಅಥವಾ ಒಂದು ಬಟ್ಟಲು ಉಸುಳಿ, ಒಂದು ಹಣ್ಣು, ಮಜ್ಜಿಗೆ ಇರಲಿ, ರಾತ್ರಿ ಒಂದು ಗಂಟೆಯೊಳಗೆ ತಿನ್ನಿ. ಹಾಲು ಸಕ್ಕರೆಯ ಚಹಾ ಕಪ್ಪಿಗೆ 80 ಕ್ಯಾಲೊರಿ, ರಾತ್ರಿಗೆ ಐದಾದರೆ 400. ಬೆಳಿಗ್ಗೆ ಪಾಳಿ ಬಿಟ್ಟ ಕೂಡಲೇ ಬಂಡಿಯ ಮುಂದೆ ನಿಲ್ಲುವುದೇ ದೊಡ್ಡ ಅಪಾಯ: ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ಸೇರಿ 450ರ ಆಸುಪಾಸು, ಕರಗಿಸಲು ಒಂದೂವರೆ ಗಂಟೆ ಚುರುಕಾಗಿ ನಡೆಯಬೇಕು. ವಾರಕ್ಕೊಮ್ಮೆ, ರಜೆಯ ದಿನ, ಮನೆಮಂದಿಯ ಜೊತೆ ತಿನ್ನಿ. ಹಗಲು ನಿದ್ದೆಗೆ ಕಿಟಕಿಗೆ ದಪ್ಪ ಪರದೆ ಹಾಕಿ, ಏಳು ತಾಸು ಬೇಕೇಬೇಕು. ನಿದ್ದೆ ಕೆಟ್ಟ ಮರುದಿನ ಹಸಿವು ಹೆಚ್ಚುತ್ತದೆ.

ಪ್ರ: ಮಧುಮೇಹಿ ನಾನು. ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಚುಚ್ಚುಮದ್ದು ತಗೊಂಡು 94ರಿಂದ 83 ಕಿಲೋಗೆ ಬಂದೆ. ಖರ್ಚು ತಡೆಯಲಾಗದೆ ನಿಲ್ಲಿಸಬೇಕೆಂದಿದ್ದೇನೆ. – 46 ವರ್ಷ, ರಾಯಚೂರು

ಉ: ನೀವಾಗಿಯೇ ನಿಲ್ಲಿಸಬೇಡಿ, ಖರ್ಚಿನ ವಿಷಯವನ್ನೇ ವೈದ್ಯರ ಮುಂದಿಡಿ. ಈ ಔಷಧ ಹಸಿವನ್ನು ಅದುಮಿ ಹಿಡಿಯುತ್ತದೆ, ಕೊನೆಯ ಚುಚ್ಚುಮದ್ದಿನ ನಂತರ ಸುಮಾರು ಐದು ವಾರದಲ್ಲಿ ದೇಹದಿಂದ ಹೋಗುತ್ತದೆ, ಹಸಿವು ಮರಳುತ್ತದೆ. ಮಧುಮೇಹ ಇಲ್ಲದವರ ಮೇಲೆ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ಸರಾಸರಿ ಶೇ 17ರಷ್ಟು ತೂಕ ಇಳಿಸಿದವರು ಔಷಧ ಬಿಟ್ಟ ಒಂದು ವರ್ಷದಲ್ಲಿ ಅದರ ಮೂರನೇ ಎರಡು ಭಾಗವನ್ನು ಮರಳಿ ಪಡೆದರು.

ನಿಲ್ಲಿಸುವುದೇ ಎಂದು ವೈದ್ಯರು ಒಪ್ಪಿದರೆ ಎರಡು ತಿಂಗಳು ಮುಂಚೆಯೇ ತಯಾರಿ ನಡೆಯಲಿ. ಹಸಿವು ಇನ್ನೂ ಹಿಡಿತದಲ್ಲಿರುವಾಗಲೇ ಮೇಲೆ ಹೇಳಿದ ಎಣ್ಣೆ ಡಬ್ಬಿ, ಬಟ್ಟಲು, ನಡಿಗೆ, ದಿನದ ತೂಕ ರೂಢಿಯಾಗಲಿ. ಬಿಟ್ಟ ಮೇಲೆ ಮೂರು ತಿಂಗಳು ಸಕ್ಕರೆಯನ್ನು ಹೆಚ್ಚು ಸಲ ಪರೀಕ್ಷಿಸಿಕೊಳ್ಳಿ.

ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ 94 ಕಿಲೋ ಇದ್ದಾಗ ಬರೆದ ಪ್ರಮಾಣದಲ್ಲೇ ತೆಗೆದುಕೊಳ್ಳುತ್ತಿದ್ದರೆ ಅದನ್ನು ಈ ವಾರವೇ ವೈದ್ಯರಿಗೆ ತೋರಿಸಿ. ತೂಕ ಇಳಿದ ದೇಹಕ್ಕೆ ಅದು ಹೆಚ್ಚಾಗಿ ಸಕ್ಕರೆ 70ರ ಕೆಳಗೆ ಇಳಿಯಬಹುದು: ಬೆವರು, ಕೈ ನಡುಕ, ತಡೆಯಲಾರದ ಹಸಿವು. ಆಗ ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ವಾರಕ್ಕೆ ಎರಡು ಮೂರು ಸಲ ಹೀಗಾಗಿ, ಪ್ರತಿ ಸಲವೂ ಗಾಬರಿಯಲ್ಲಿ ಬಿಸ್ಕತ್ತಿನ ಪೊಟ್ಟಣ ಖಾಲಿ ಮಾಡುವವರಲ್ಲಿ ತೂಕ ಮರಳುವುದು ಆ ದಾರಿಯಲ್ಲೇ. ಮಾತ್ರೆಯ ಪ್ರಮಾಣ ಸರಿಹೋದರೆ ಆ ಹಸಿವೂ ನಿಲ್ಲುತ್ತದೆ.